ಕೊನೆಗೆ ಐದಿದ್ದರೆ ಗಾದ್ರಪ್ಪನನ್ನು ಕೇಳಿ

ನಮ್ಮಪ್ಪನ ವಿಷಯ ತೆಗೆದರೆ ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: "ಗಾದ್ರಪ್ಪನ ತಲೆ ನಮ್ಮ ನಿಮ್ಮಂಥ ತಲೆ ಅಲ್ಲ ಬಿಡ್ರಿ." ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆ ನೋಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊಮ್ಮಕ್ಕಳನ್ನು ಕಂಡ ಮೇಲೂ ಅಲ್ಲಿಂದ ಇಳಿದಿಲ್ಲ. ಹಾಗಾಗಿ ಇದನ್ನೆಲ್ಲ ಸಮಾಧಾನವಾಗಿ ಹೇಳುತ್ತೇನೆಂದು ಮಾತು ಕೊಡಲಾರೆ.

ಅಪ್ಪ ಖಾಸಗಿ ಬಸ್ಸುಗಳ ಏಜೆಂಟ್. ಬೆಳಿಗ್ಗೆಯಿಂದ ಸಂಜೆಯ ತನಕ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ದಾವಣಗೆರೆ, ದಾವಣಗೆರೆ, ದಾವಣಗೆರೆ" ಎಂದು ಕೂಗುವುದು, ಹೆಂಗಸರ ಗಂಟುಗಳನ್ನು ಟಾಪಿಗೆ ಹಾಕಿಸುವುದು, ಸಂತೆಗೆ ಹೊರಟವರಿಗೆ ಕುರಿ ಸೀಟಿನ ಮೇಲೆ ಕೂರುವಂತಿಲ್ಲ ಎಂದು ತಿಳಿಸಿ ಹೇಳುವುದು, ಕೊನೆಗೆ ಬಸ್ಸಿನ ಬೆನ್ನಿಗೆ ಎರಡು ಬಡಿದು ರೈಟ್ ಅನ್ನುವುದು, ಇಷ್ಟು ಅವನ ಕೆಲಸ. ಯಾರು ಯಾವ ಊರಿಗೆ ಹೊರಟಿದ್ದಾರೆ ಎಂದು ಅವರ ಚೀಲ ನೋಡಿಯೇ ಹೇಳುತ್ತಿದ್ದ. ಕೇಳುವ ಮೊದಲೇ ಹತ್ತಿಸಿಯೂ ಬಿಡುತ್ತಿದ್ದ.

ಇದರ ಜೊತೆಗೆ ಅವನಿಗೆ ಬರುತ್ತಿದ್ದ ಇನ್ನೊಂದು ವಿದ್ಯೆ ವರ್ಗ. ಅಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು. "ಗಾದ್ರಪ್ಪಣ್ಣ, ಮೂವತ್ತೈದರ ವರ್ಗ ಎಷ್ಟು?" ಎಂದು ಯಾರಾದರೂ ಕೂಗಿದರೆ ಬಾಯಲ್ಲಿದ್ದ ಬೀಡಿ ತೆಗೆಯದೆ "ಸಾವಿರದ ಇನ್ನೂರ ಇಪ್ಪತ್ತೈದು" ಅನ್ನುತ್ತಿದ್ದ. ಎಂಬತ್ತೈದು ಅಂದರೆ "ಏಳು ಸಾವಿರದ ಇನ್ನೂರ ಇಪ್ಪತ್ತೈದು." ನೂರ ಹದಿನೈದು ಅಂದರೆ ಬೀಡಿಯ ಬೂದಿ ಕೊಡವುವಷ್ಟು ಹೊತ್ತು, ಆಮೇಲೆ "ಹದಿಮೂರು ಸಾವಿರದ ಇನ್ನೂರ ಇಪ್ಪತ್ತೈದು." ಕೇಳಿದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು, ಅಷ್ಟರಲ್ಲಿ ಅಪ್ಪ ಅವರನ್ನು ಬಸ್ಸಿಗೆ ಹತ್ತಿಸಿರುತ್ತಿದ್ದ.

ಗುಟ್ಟೇನೂ ದೊಡ್ಡದಲ್ಲ. ಸಂಖ್ಯೆಯ ಕೊನೆಯ ಐದನ್ನು ಬೆರಳಿಂದ ಮುಚ್ಚಿಬಿಡಿ. ಉಳಿದದ್ದನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ, ಪಕ್ಕದಲ್ಲಿ ಇಪ್ಪತ್ತೈದು ಕೂರಿಸಿ. ಮೂವತ್ತೈದರಲ್ಲಿ ಉಳಿಯುವುದು ಮೂರು. ಮೂರು ನಾಲ್ಕಲಿ ಹನ್ನೆರಡು. ಪಕ್ಕಕ್ಕೆ ಇಪ್ಪತ್ತೈದು. ಮುಗಿಯಿತು. ಮಗ್ಗಿ ಬಂದರೆ ಸಾಕು, ಎಮ್ಮೆ ಹಾಲು ಕರೆಯುತ್ತಲೂ ಹೇಳಬಹುದು.

ಆದರೆ ಕೊನೆಗೆ ಐದು ಇರಲೇಬೇಕು. ನಾಲ್ಕು, ಆರು, ಏಳು ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅವಕ್ಕೆ ಬೇರೆ ಬೇರೆ ದಾರಿಗಳಿವೆ, ಅಪ್ಪನಿಗೆ ಅವು ಯಾವುವೂ ಗೊತ್ತಿರಲಿಲ್ಲ. ಅವನ ಹಳ್ಳಿಯ ಶಾಲೆಯ ಮೇಷ್ಟ್ರು ಒಂದು ಗುರುವಾರ ಐದರ ಉಪಾಯ ಹೇಳಿಕೊಟ್ಟು "ಉಳಿದವು ನಾಳೆ" ಎಂದರಂತೆ. ಶುಕ್ರವಾರ ಕುರಿ ಕಾಯುವ ಸರದಿ ಅಪ್ಪನದು. ಕುರಿಗಳು ಅಡವಿಗೆ ಹೋದವು, ಅಪ್ಪ ಅವುಗಳ ಹಿಂದೆ ಹೋದ, ಉಳಿದ ಸಂಖ್ಯೆಗಳೆಲ್ಲ ಅವನನ್ನು ಬಿಟ್ಟು ಮುಂದೆ ಹೋದವು. ಕುರಿಗಳು ಸಂಜೆ ವಾಪಸ್ಸು ಬಂದವು, ಪಾಠ ಬರಲಿಲ್ಲ.

ಮೊದಮೊದಲು ಬಸ್‌ಸ್ಟ್ಯಾಂಡಿನವರು ಬಾಯಿಗೆ ಬಂದ ಸಂಖ್ಯೆ ಕೇಳುತ್ತಿದ್ದರು. ಐದಿಲ್ಲದ ಸಂಖ್ಯೆ ಬಂದರೆ ಅಪ್ಪನಿಗೆ ತಕ್ಷಣ ಯಾವುದೋ ಬಸ್ಸು ಹೊರಡುವುದು ಕಾಣುತ್ತಿತ್ತು. "ಏಯ್, ತಡೀರಿ, ಹೊರಡ್ತು" ಎಂದು ಓಡುತ್ತಿದ್ದ. ಒಮ್ಮೆ ಎಂಜಿನ್ ಬಿಚ್ಚಿಟ್ಟಿದ್ದ ಬಸ್ಸಿಗೆ ರೈಟ್ ಹೇಳಿದ್ದನಂತೆ.

ಹೀಗಿರುವಾಗ ಒಂದು ದಿನ ಬಟ್ಟೆ ಮಾರಲು ಬಂದ ಪರಊರಿನವನೊಬ್ಬ ಅವನ ತೋಳು ಹಿಡಿದುಕೊಂಡು ನಲವತ್ತೆರಡು ಕೇಳಿದ. ಬಿಡಲೇ ಇಲ್ಲ. ಅಪ್ಪ ಬೆವತು ಹೋದ. ಆ ಹೊತ್ತು ಅವನ ತಲೆ ಕೆಟ್ಟು, ದಾವಣಗೆರೆಗೆ ಹೋಗುವವರನ್ನೆಲ್ಲ ಕೊಟ್ಟೂರಿನ ಬಸ್ಸಿಗೂ, ಕೊಟ್ಟೂರಿನವರನ್ನು ಚಳ್ಳಕೆರೆಯ ಬಸ್ಸಿಗೂ ಹತ್ತಿಸಿದ. ದಾವಣಗೆರೆಗೆ ಹಲ್ಲು ಕೀಳಿಸಲು ಹೊರಟಿದ್ದ ಮುದುಕಮ್ಮನೊಬ್ಬಳು ಕೊಟ್ಟೂರಿನಲ್ಲಿ ಇಳಿದು, ಹೇಗೂ ಬಂದದ್ದಾಯಿತಲ್ಲ ಎಂದು ದೇವರ ದರ್ಶನ ಮಾಡಿಕೊಂಡು ಹಲ್ಲಿನ ಸಮೇತ ಮನೆಗೆ ಬಂದಳು. ಅವಳ ಮಕ್ಕಳು ದೊಣ್ಣೆ ಹಿಡಿದು ಅಪ್ಪನನ್ನು ಹುಡುಕಿಕೊಂಡು ಬಂದರು.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಹೋಟೆಲಿಟ್ಟಿದ್ದ ರಂಗಣ್ಣ ಅವರಿಗೆ ಚಾ ಕುಡಿಸಿ ಕಳಿಸಿದ. ಆಮೇಲೆ ಡ್ರೈವರು, ಕಂಡಕ್ಟರು, ಹೂವಿನವರು, ಹಣ್ಣಿನವರು ಎಲ್ಲರನ್ನೂ ಕರೆದು ಹೇಳಿದನಂತೆ: "ನಮ್ಮ ಜನ ಸರಿಯಾದ ಊರಿಗೆ ಹೋಗಿ ಸೇರಬೇಕು ಅಂದ್ರೆ ಗಾದ್ರಪ್ಪಣ್ಣಗೆ ಕೊನೆಗೆ ಐದಿರೋದನ್ನೇ ಕೇಳ್ರಿ. ಅವನಿಗೆ ಮಾತ್ರ ಇದು ಗೊತ್ತಾಗಬಾರದು."

ಅವತ್ತಿನಿಂದ ಅದೇ ಪದ್ಧತಿಯಾಯಿತು. ಪರಊರಿನವರು ಹೋಟೆಲಿಗೆ ಬಂದರೆ ರಂಗಣ್ಣ ಮಂಡಕ್ಕಿ ಮಿರ್ಚಿಯ ಜೊತೆಗೆ ಅವರ ಕಿವಿಯಲ್ಲಿ ಇದನ್ನೂ ಊದಿ ಕಳಿಸುತ್ತಿದ್ದ. ಅವರು ಹೊರಗೆ ಬಂದು ಗಂಭೀರವಾಗಿ "ಏನ್ರೀ, ತೊಂಬತ್ತೈದರ ವರ್ಗ ಎಷ್ಟು?" ಎಂದು ಕೇಳುವರು. ಅಪ್ಪ ಹೇಳುವನು. ಊರಿನ ಬಸ್ಸುಗಳೆಲ್ಲ ಸರಿಯಾಗಿ ಹೊರಡುವವು.

ನನಗೆ ಇದೆಲ್ಲ ಗೇಲಿ ಎಂದೇ ಅನ್ನಿಸುತ್ತಿತ್ತು. ಅಪ್ಪನನ್ನು ಕೋತಿಯ ಹಾಗೆ ಕುಣಿಸುತ್ತಿದ್ದಾರೆ ಎಂದು ಅಮ್ಮನ ಹತ್ತಿರ ಕೂಗಾಡುತ್ತಿದ್ದೆ. ನಮ್ಮಮ್ಮ ಗಿಡ್ಡಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅವ್ರು ಐದು ಕೇಳ್ತಾರೆ, ನಿಮ್ಮಪ್ಪ ಹೊಟ್ಟೆ ತುಂಬ ಉಣ್ತಾನೆ. ನಿಂಗೇನೇ ಉರಿ?" ಅನ್ನುತ್ತಿದ್ದಳು. ಒಮ್ಮೆ ಅಪ್ಪನಿಗೇ ನೇರವಾಗಿ ಹೇಳಿದೆ, "ಅಪ್ಪಾ, ಅವ್ರು ನಿನ್ನ ಆಡಿಸ್ತಾರೆ" ಎಂದು. ಅವನು ನಕ್ಕು, "ಬೇಕಾದ್ರೆ ನೀನೂ ಒಂದು ಕೇಳು, ನೂರ ಐದು ಕೇಳು" ಅಂದ. ಎಂಥವರಿಗೂ ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಶೇಂಗಾ ಬೀಜದ ಕೆಲಸಕ್ಕೆ ಒಬ್ಬ ಹುಡುಗ ನಮ್ಮೂರಿಗೆ ಬಂದುಹೋಗತೊಡಗಿದ. ತಿಪ್ಪೇಶ ಎಂದು ಹೆಸರು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಬೀಜದ ಫಾರಂನಲ್ಲಿ ಕೆಲಸ. ಒಂದು ಮಧ್ಯಾಹ್ನ ನಾನು ಅಪ್ಪನಿಗೆ ಬುತ್ತಿ ತಂದಿದ್ದೆ. ಅವನು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹುರುಳಿ ಸಾರಾ?" ಅಂದ. "ಆದ್ರೆ ಏನೀಗ?" ಅಂದೆ. "ಏನಿಲ್ಲ, ಬಸ್ ಕೆಟ್ಟು ನಿಂತ್ರೆ ಚೆನ್ನಾಗಿರ್ತಿತ್ತು" ಅಂದ. ನನಗೆ ನಗು ಬಂತು, ಅದನ್ನು ಅವನು ನೋಡಿಬಿಟ್ಟ. ಮುಂದಿನ ಸಲ ಬಂದವನು ರಂಗಣ್ಣನ ಹತ್ತಿರ ನಮ್ಮ ಮನೆತನ ಎಲ್ಲ ವಿಚಾರಿಸಿದ. ನನಗೂ ಅವನೇ ಆಗಬೇಕು ಅನ್ನಿಸಿಹೋಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ, ಅಮ್ಮನಿಗೆ ಗೊತ್ತಾಗಿತ್ತು.

ತೊಡಕು ಇದ್ದದ್ದು ಅವನ ಸೋದರಮಾವನಲ್ಲಿ. ಹೊನ್ನಾಳಿಯ ಚಿಕ್ಕಹನುಮಂತಪ್ಪ ಮೇಷ್ಟ್ರು, ಗಣಿತ ಕಲಿಸಿ ರಿಟೈರಾದವರು. ತಂದೆಯಿಲ್ಲದ ತಿಪ್ಪೇಶನನ್ನು ಸಾಕಿದವರು ಅವರೇ, ಅರ್ಧ ಅಂಕ ಕಡಿಮೆಯಾಯಿತೆಂದು ಅವನನ್ನು ಗಣಿತದಲ್ಲಿ ಫೇಲು ಮಾಡಿದವರೂ ಅವರೇ. ಹುಡುಗ ಹೆಣ್ಣಿನ ವಿಷಯ ತೆಗೆದಾಗ, ಮಾವನ ಮನಸ್ಸು ಒಲಿಸಲು, ಹೆಣ್ಣಿನ ಅಪ್ಪ ಬಾಯಲ್ಲೇ ವರ್ಗ ಹೇಳುತ್ತಾರೆ ಎಂದುಬಿಟ್ಟಿದ್ದ. ಮೇಷ್ಟ್ರು ನೆಟ್ಟಗೆ ಕೂತರಂತೆ. "ಹೌದಾ? ಹಂಗಾದ್ರೆ ನಾನೇ ಹೋಗಿ ಕೇಳ್ತೀನಿ. ನಿಜ ಆದ್ರೆ ಆ ಮನೆ ಹೆಣ್ಣೇ ಆಗಲಿ. ಸುಳ್ಳಾದ್ರೆ ಆ ಊರಿನ ದಿಕ್ಕಿಗೂ ನೋಡಬ್ಯಾಡ" ಎಂದರಂತೆ.

ತಿಪ್ಪೇಶ ಓಡೋಡಿ ಬಂದು ರಂಗಣ್ಣನಿಗೆ ಎಲ್ಲ ಹೇಳಿದ. ಅವನಿಗೂ ಐದರ ಗುಟ್ಟು ಗೊತ್ತಿತ್ತು, ರಂಗಣ್ಣನೇ ಮೊದಲ ದಿನ ಮಿರ್ಚಿಯ ಜೊತೆಗೆ ಊದಿದ್ದನಲ್ಲ. "ನಮ್ಮ ಮಾವಗೆ ಒಂದು ಅಭ್ಯಾಸ ಐತೆ. ಸಂಖ್ಯೆ ತಲೆಯಿಂದ ತೆಗೆಯಲ್ಲ, ಕಣ್ಣಿಗೆ ಕಂಡಿದ್ದನ್ನೇ ಕೇಳ್ತಾರೆ. ಕ್ಯಾಲೆಂಡರು, ಗಡಿಯಾರ, ಏನಿದ್ರೂ ಸರಿ" ಅಂದ.

ನಾನು ಎಸ್ಸೆಲ್ಸಿ ಓದಿದವಳು. ಬೇರೆ ಸಂಖ್ಯೆಗಳನ್ನು ಅಪ್ಪನಿಗೆ ಕಲಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟೆ. "ನೋಡಪ್ಪ, ಅರವತ್ತೈದರದು ನಿಂಗೆ ಬರ್ತೈತೆ. ಅದಕ್ಕೆ ಅರವತ್ತೈದು ಸೇರಿಸು, ಮತ್ತೆ ಅರವತ್ತಾರು ಸೇರಿಸು. ಅರವತ್ತಾರರ ವರ್ಗ ಬಂತಲ್ಲ? ಹಂಗೇ ಒಂದೊಂದೇ ಹೆಜ್ಜೆ ಹೋಗೋದು" ಅಂದೆ. ಅವನು ಬೀಡಿ ಹಚ್ಚಿ ಬಹಳ ಹೊತ್ತು ಯೋಚಿಸಿದ. "ಅಲ್ಲವ್ವಾ, ಅರವತ್ತೈದರ ಸ್ಟಾಪಿನಾಗೆ ಇಳಿದೋನು ಅರವತ್ತಾರಕ್ಕೆ ಯಾಕೆ ನಡ್ಕೊಂಡು ಹೋಗಬೇಕು?" ಅಂದ. ನಾನು ಸ್ಲೇಟು ಎಸೆದು ಎದ್ದೆ. ಒಡೆದ ಸ್ಲೇಟನ್ನು ಅಮ್ಮ ಬೆಲ್ಲದ ಡಬ್ಬಿಗೆ ಮುಚ್ಚಳ ಮಾಡಿಕೊಂಡಳು.

ಮೇಷ್ಟ್ರು ಬರುವ ದಿನ ರಂಗಣ್ಣ ಬೆಳಿಗ್ಗೆಯೇ ನಮ್ಮ ಮನೆಗೆ ನುಗ್ಗಿ, ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಿತ್ತ. ಗಡಿಯಾರವನ್ನು ಅಕ್ಕಿಯ ಡಬ್ಬಕ್ಕೆ ಹಾಕಿದ. ಬಾಗಿಲ ಮೇಲಿನ ಮನೆ ನಂಬರಿಗೆ ಸುಣ್ಣ ಬಳಿದ. ಅಮ್ಮನ ಹಾಲಿನ ಲೆಕ್ಕದ ಗೀಟುಗಳನ್ನೂ ಅಳಿಸಿದ, ಅದಕ್ಕೆ ಅವಳ ಕೈಲಿ ಚೆನ್ನಾಗಿ ಬೈಸಿಕೊಂಡ. ನಮ್ಮ ಮನೆ ಇದ್ದದ್ದು ಬಸ್‌ಸ್ಟ್ಯಾಂಡಿನ ಬೆನ್ನಿಗೆ. ಹನುಮಣ್ಣ ಎಂಬ ಡ್ರೈವರು ಓಡಿಸುತ್ತಿದ್ದ ಬಸ್ಸಿನ ನಂಬರು 6835. ಅದನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಮೂವತ್ತೈದು ಎಂದು. ಮೇಷ್ಟ್ರನ್ನು ದಾವಣಗೆರೆಯಿಂದ ಅದರಲ್ಲೇ ಕರೆತಂದು, ನೇರ ನಮ್ಮ ಬಾಗಿಲಿಗೆ ಮುಖ ಮಾಡಿ ಅದನ್ನು ನಿಲ್ಲಿಸುವುದು. ಒಳಗೆ ಒಂದಂಕಿಯೂ ಕಾಣದೆ ಅವರು ಹೊರಗೆ ನೋಡಲೇಬೇಕು, ಮೂವತ್ತೈದು ಕೇಳಲೇಬೇಕು. ರಂಗಣ್ಣನ ಈ ಉಪಾಯ ನನಗೂ ಒಪ್ಪಿಗೆಯಾಯಿತು, ಸುಳ್ಳೇಕೆ ಹೇಳಲಿ.

ಬಸ್ಸು ಬಂತು. ಮೇಷ್ಟ್ರು, ತಿಪ್ಪೇಶ ಇಳಿದರು. ನೀರು ಕೊಟ್ಟು ಒಳಗೆ ಕರೆದದ್ದಾಯಿತು. ಬಸ್‌ಸ್ಟ್ಯಾಂಡಿನವರೆಲ್ಲ ಕೆಲಸವಿದ್ದವರ ಹಾಗೆ ಬಂದು ಜಗಲಿ ತುಂಬಿದರು. ನಾನು ಚಾ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ, ಒಳಬಾಗಿಲ ಹಿಂದೆ ನಿಂತೆ.

ಮೇಷ್ಟ್ರು ಸುತ್ತ ನೋಡಿದರು. ಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು.

"ಕ್ಯಾಲೆಂಡರ್ ಇಟ್ಟಿಲ್ವೇನ್ರೀ?"

"ನಮ್ಮ ಕಡೆ ತಾರೀಖು ಯಾರೂ ನೋಡಲ್ರೀ" ಎಂದ ರಂಗಣ್ಣ.

"ಗಡಿಯಾರ?"

"ಬಸ್ ಬಂದ್ರೆ ಟೈಮ್ ಆತು ಅಂತ ತಿಳ್ಕೊಂತೀವಿ."

ಮೇಷ್ಟ್ರು ತಲೆಯಾಡಿಸಿ ಬಾಗಿಲಿನಿಂದ ಹೊರಗೆ ನೋಡಿದರು. ರಂಗಣ್ಣನ ಮುಖ ಅರಳಿತು, ಮರುಕ್ಷಣ ಸುಟ್ಟ ಬದನೆಕಾಯಿಯಾಯಿತು. ನಾನೂ ಸಂದಿಯಿಂದ ಇಣುಕಿದೆ. ಹನುಮಣ್ಣ ಒಳ್ಳೆಯ ಮನಸ್ಸಿನವನು. ಬೀಗರಾಗುವವರು ಕೂರುವ ಗಾಡಿ ಬೋಳಾಗಿ ಇರಬಾರದು ಎಂದು ಯಾರಿಗೂ ಹೇಳದೆ ಬಸ್ಸಿನ ಮುಂದಕ್ಕೆ ದಪ್ಪನೆಯ ಸೇವಂತಿಗೆ ಹಾರ ಕಟ್ಟಿದ್ದ. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಅದು ಜಾರಿ ಬಂದು ನಂಬರಿನ ಅರ್ಧವನ್ನು ಮುಚ್ಚಿ ಕೂತಿತ್ತು. ಮೂವತ್ತೈದು ಹೂವಿನ ಒಳಗೆ ಹೋಗಿತ್ತು.

"ಗಾದ್ರಪ್ಪೋರೆ, ಅರವತ್ತೆಂಟರ ವರ್ಗ ಎಷ್ಟು?" ಎಂದರು ಮೇಷ್ಟ್ರು.

ಅಪ್ಪನ ಕಣ್ಣು ಹೊರಡುವ ಬಸ್ಸನ್ನು ಹುಡುಕಿತು, ಒಂದೂ ಇರಲಿಲ್ಲ. ಎಲ್ಲ ಡ್ರೈವರುಗಳೂ ನಮ್ಮ ಜಗಲಿಯ ಮೇಲೆ ಕೂತಿದ್ದರು. ನಾನು ಸೆರಗು ಕಚ್ಚಿ ಹಿಡಿದೆ. ಅಪ್ಪ ಕಣ್ಣು ಮುಚ್ಚಿ ಹೇಳಿದ: "ನಾಲ್ಕು ಸಾವಿರದ ಇನ್ನೂರ ಇಪ್ಪತ್ತೈದು."

ಮೇಷ್ಟ್ರು ಚಾ ಲೋಟ ಕೆಳಗಿಟ್ಟರು. "ಏನಂದ್ರಿ?"

ಅಪ್ಪ ಬಾಯಿ ತೆರೆಯುವ ಮೊದಲೇ ರಂಗಣ್ಣ, "ಸರಿಯಾಗೈತೆ ರೀ" ಅಂದ. ಹನುಮಣ್ಣ, "ನಾನೂ ಹಾಕಿ ನೋಡ್ದೆ, ಅಷ್ಟೇ ಬರ್ತೈತೆ" ಅಂದ. ಈ ಹನುಮಣ್ಣನಿಗೆ ಗಡಿಯಾರ ನೋಡಲೂ ಬರುತ್ತಿರಲಿಲ್ಲ. ಹೂವಿನವಳು ಮೊಳ ಹಾಕುವ ಹಾಗೆ ಕೈ ಆಡಿಸಿ, ತನಗೂ ಅಷ್ಟೇ ಬಂತು ಅಂದಳು.

"ಹಂಗಾದ್ರೆ ಅರವತ್ತೇಳರದು?"

"ಅದೂ ಅಷ್ಟೇ ರೀ" ಎಂದ ರಂಗಣ್ಣ.

"ಅರವತ್ತೇಳಕ್ಕೂ ಅರವತ್ತೆಂಟಕ್ಕೂ ಒಂದೇ ವರ್ಗ ಏನ್ರೀ?"

"ಇದು ಮಳೆ ಕಡಿಮೆ ಸೀಮೆ ಮೇಷ್ಟ್ರೇ. ನಿಮ್ಮ ಹೊನ್ನಾಳಿ ಕಡೆ ಹೊಳೆ ಐತೆ, ನೀರು ಐತೆ, ವರ್ಗ ದಪ್ಪ ಬರಬೌದು. ನಮ್ಮ ಕಡೆ ಇಷ್ಟೇ ಬರೋದು."

ತಿಪ್ಪೇಶ ಮುಖ ಮುಚ್ಚಿಕೊಂಡ. ಮೇಷ್ಟ್ರ ಕಿವಿ ಕೆಂಪಾಯಿತು. "ವಯಸ್ಸಾದವರು ಇಷ್ಟು ಜನ ಕೂತು ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?" ಎಂದರು.

ರಂಗಣ್ಣ ಎದ್ದು ನಿಂತ. "ಗಾದ್ರಪ್ಪಣ್ಣ ಹೇಳಿದ ಮ್ಯಾಲೆ ಅದೇ ಸರಿ. ಬೇಕಾದ್ರೆ ನಮ್ಮ ಮನೆ ದೇವ್ರ ಆಣೆ ಮಾಡಾಕೂ ರೆಡಿ" ಎಂದು ಕೈ ಚಾಚಿದ.

ಆಗ ಅಪ್ಪ ಆ ಕೈ ಹಿಡಿದುಕೊಂಡ. "ಸಾಕು ಬಿಡಪ್ಪ ರಂಗಣ್ಣ, ಆಣೆ ಗೀಣೆ ಬ್ಯಾಡ" ಎಂದು ಮೇಷ್ಟ್ರ ಕಡೆ ತಿರುಗಿದ. "ನಾನು ಹೇಳಿದ್ದು ಅರವತ್ತೈದರದು ಮೇಷ್ಟ್ರೇ. ಕೊನೆಗೆ ಐದಿದ್ರೆ ಮಾತ್ರ ನಂಗೆ ಬರೋದು. ಉಳಿದಿದ್ದು ಹೇಳಿಕೊಡೋ ದಿನ ನಾನು ಕುರಿ ಹಿಂದೆ ಹೋಗಿದ್ದೆ."

ರಂಗಣ್ಣ ಸಣ್ಣ ದನಿಯಲ್ಲಿ, "ಹಂಗಾದ್ರೆ ನಾವು ಐದೇ ಕೇಳೋದು ನಿಂಗೆ ಗೊತ್ತಿತ್ತಾ ಅಣ್ಣ?" ಎಂದ.

"ಇಷ್ಟು ವರ್ಷದಾಗೆ ಒಬ್ಬನಾದ್ರೂ ಬಾಯಿ ತಪ್ಪಿ ಆರು ಅನ್ನಲಿಲ್ಲ. ಗೊತ್ತಾಗ್ದೇ ಇರಾಕೆ ನಾನೇನು ಕುರಿನಾ? ನೀವು ಅಷ್ಟು ಆಸೆಯಿಂದ ಕೇಳ್ತಿದ್ರಿ. ಯಾಕೆ ಬೇಜಾರು ಮಾಡೋದು ಅಂತ ಹೇಳ್ತಿದ್ದೆ."

ರಂಗಣ್ಣ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಅಪ್ಪ ಮೇಷ್ಟ್ರಿಗೆ ಕೈ ಮುಗಿದು, "ನನ್ನ ಮಗಳು ಸುಂಕಲಮ್ಮನಿಗೆ ಎಲ್ಲಾ ಸಂಖ್ಯೆನೂ ಬರ್ತಾವೆ. ನಾನು ಮಾಡಿದ್ದಕ್ಕೆ ಅವಳನ್ನ ಬ್ಯಾಡ ಅನ್ನಬ್ಯಾಡ್ರಿ" ಅಂದ.

ಅಪ್ಪ ಹಾಗೆ ಕೈ ಮುಗಿದದ್ದನ್ನು ನಾನು ನೋಡಲಾರದೆ ಹೋದೆ. ಹೆಣ್ಣು ನೋಡುವ ಶಾಸ್ತ್ರ, ತಗ್ಗಿಸಿದ ತಲೆ ಎಲ್ಲ ಮರೆತುಹೋಯಿತು. ಈಚೆ ಬಂದು, "ನಾಲ್ಕು ಸಾವಿರದ ಆರುನೂರ ಇಪ್ಪತ್ನಾಲ್ಕು. ಇನ್ನೇನಾದ್ರೂ ಕೇಳೋದಿದ್ರೆ ನನ್ನ ಕೇಳ್ರಿ, ನಮ್ಮಪ್ಪನ್ನ ಕೇಳಬ್ಯಾಡ್ರಿ" ಎಂದುಬಿಟ್ಟೆ. ಅಮ್ಮ ಹಣೆ ಚಚ್ಚಿಕೊಂಡಳು. ಸಂಬಂಧ ಮುರಿದೇ ಹೋಯಿತು ಎಂದು ನನ್ನ ಕಣ್ಣಲ್ಲಿ ನೀರು ತುಂಬಿತು.

ಮೇಷ್ಟ್ರು ನನ್ನನ್ನು ನೋಡಿದರು. ಜಗಲಿಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ನಾನು ಊರು ತುಂಬ ಸರಿ ಲೆಕ್ಕ ಕಲಿಸಿದೆ. ನನಗೋಸ್ಕರ ಒಂದು ತಪ್ಪು ಲೆಕ್ಕ ಹೇಳೋನು ಹೊನ್ನಾಳಿನಾಗೆ ಒಬ್ಬನೂ ಇಲ್ಲ" ಎಂದರು. ಅವರ ದನಿ ಮೊದಲಿನ ಹಾಗಿರಲಿಲ್ಲ. ಲೋಟ ಕೈಗೆತ್ತಿಕೊಂಡು, ಆರಿದ ಚಾ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು.

"ಬೀಗರೇ, ಎಪ್ಪತ್ತೈದರ ವರ್ಗ ಎಷ್ಟು?"

ಬೀಗರೇ ಎಂದದ್ದನ್ನು ಮೊದಲು ಕೇಳಿಸಿಕೊಂಡವಳು ಅಮ್ಮ, ಸಕ್ಕರೆಯ ಡಬ್ಬಕ್ಕೆ ಓಡಿದಳು. ಅಪ್ಪ ಕೇಳಿಸಿಕೊಂಡದ್ದು ಎಪ್ಪತ್ತೈದು ಮಾತ್ರ. "ಐದು ಸಾವಿರದ ಆರುನೂರ ಇಪ್ಪತ್ತೈದು" ಎಂದು ಹೇಳಿ ಮುಗಿಸಿದ ಮೇಲೆ ಅವನಿಗೆ ಉಳಿದದ್ದು ತಿಳಿಯಿತು.

ಮದುವೆಯಾಗಿ ನಾನು ಕತ್ತಲಗೆರೆಯಲ್ಲಿ ಸಂಸಾರ ಹೂಡಿದೆ. ಎಂಬತ್ತರ ದಶಕದಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟು ಅಪ್ಪ ಏಜೆಂಟ್ ಕೆಲಸ ಬಿಟ್ಟ. ಮಗಳ ಮನೆಗೆ ಎಂದು ಹೊರಟವನು ದಾವಣಗೆರೆಯಲ್ಲಿ ಹೊನ್ನಾಳಿಯ ಬಸ್ಸು ಹತ್ತಿಬಿಡುತ್ತಿದ್ದ. ತಪ್ಪು ಬಸ್ಸು ಹತ್ತಿಸುವ ಅಭ್ಯಾಸ ಕೊನೆಗೆ ಅವನ ಮೇಲೇ ತಿರುಗಿತ್ತು. ನಾನು ಹುರುಳಿ ಸಾರು ಮಾಡಿಟ್ಟುಕೊಂಡು ಕಾದು, ಸಿಟ್ಟಿನಲ್ಲಿ ಅದನ್ನೆಲ್ಲ ಗಂಡನಿಗೇ ಬಡಿಸುತ್ತಿದ್ದೆ. ಅವನಿಗೇನು, ಅದೇ ಬೇಕಾಗಿತ್ತು.

ಒಮ್ಮೆ ಜಗಳವಾಡಲೆಂದೇ ಹೊನ್ನಾಳಿಗೆ ಹೋದೆ. ಹೊಳೆಯ ದಾರಿಯ ಹೋಟೆಲಿನ ಬೆಂಚಿನ ಮೇಲೆ ಅಪ್ಪ, ಮೇಷ್ಟ್ರು ಇಬ್ಬರೂ ಕೂತಿದ್ದರು. ಬ್ಯಾಂಕಿಗೆ ಹೊಸದಾಗಿ ಬಂದವನೊಬ್ಬ ಅಪ್ಪನ ಹೆಸರು ಕೇಳಿಕೊಂಡು ಬಂದು ನಲವತ್ನಾಲ್ಕರ ವರ್ಗ ಕೇಳಿದ. ಅಪ್ಪ ಒಂದಿಷ್ಟೂ ನಾಚದೆ, "ಅದು ನಮ್ಮ ಬೀಗರ ಡಿಪಾರ್ಟ್‌ಮೆಂಟು. ನಂದು ಐದು ಮಾತ್ರ" ಎಂದು ಪಕ್ಕಕ್ಕೆ ಕೈ ತೋರಿಸಿದ. ಮೇಷ್ಟ್ರು "ಸಾವಿರದ ಒಂಬೈನೂರ ಮೂವತ್ತಾರು" ಎಂದರು.

"ಹಂಗಾದ್ರೆ ಐವತ್ತೈದು?" ಎಂದ ಅವನು.

ಅಪ್ಪನ ಬಾಯಿ ತುಂಬ ಎಲೆ ಅಡಿಕೆ ಇತ್ತು. ಅದನ್ನು ಉಗಿಯಲು ಅವನು ಎದ್ದು ಚರಂಡಿಯ ತನಕ ನಿಧಾನವಾಗಿ ಹೋದ. ಬ್ಯಾಂಕಿನವನು ಮೇಷ್ಟ್ರ ಮುಖ ನೋಡಿದ. ಊರಿಗೆಲ್ಲ ಗಣಿತ ಕಲಿಸಿದ ಚಿಕ್ಕಹನುಮಂತಪ್ಪ ಮೇಷ್ಟ್ರು, "ನನಗೆ ಬರಲ್ಲಪ್ಪ, ಅವರು ಬರಲಿ ತಡಿ" ಎಂದು ಹೊಳೆಯ ಕಡೆ ನೋಡುತ್ತ ಕೂತರು.